ಕಂಡರೂ ಪ್ರಮಾಣಿಸಿ ನೋಡುವ ಮನೆ

(ಬಾನುಲಿ ಭಾಷಣದ ಬರಹರೂಪ)

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಳೆಯ ಗಾದೆ. ಸಾಮಾನ್ಯವಾಗಿ ಈ ಮಾತನ್ನು ನಾವು ಮನುಷ್ಯರ ನಡತೆಯ ವಿಚಾರದಲ್ಲಿ ಬಳಸುತ್ತೇವೆ. ಯಾರೋ ಹೇಳಿದರು, ಕಣ್ಣಿಗೂ ಹಾಗೆಯೇ ಕಂಡಿತು, ಆದರೂ ಆತುರಪಟ್ಟು ತೀರ್ಪು ಕೊಡಬೇಡ ಎಂಬ ಎಚ್ಚರಿಕೆ ಅದರಲ್ಲಿದೆ. ಆದರೆ ಈ ಗಾದೆಯನ್ನು ಅಕ್ಷರಶಃ ತೆಗೆದುಕೊಂಡು, ಕಣ್ಣಿಗೆ ಕಂಡ ಬೆಳಕನ್ನು, ಕಿವಿಗೆ ಬಿದ್ದ ನಾದವನ್ನು, ಕೈಗೆ ತಾಕಿದ ನೀರನ್ನು ಪ್ರಮಾಣಿಸಿ ನೋಡುವುದಕ್ಕೆಂದೇ ಒಂದು ಮನೆಯನ್ನು ಕಟ್ಟಿದರೆ ಹೇಗಿದ್ದೀತು? ಅಂಥ ಮನೆಯೊಂದು ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್‌ಫ್ರಾನ್ಸಿಸ್ಕೋ ನಗರದಲ್ಲಿ 1969ರಿಂದ ಇದೆ. ಎಕ್ಸ್‌ಪ್ಲೊರಟೋರಿಯಮ್ ಎಂದು ಅದರ ಹೆಸರು. ‘ಅನ್ವೇಷಣೆಯ ಅಂಗಳ’ ಎಂದು ನಾವು ಬೇಕಾದರೆ ಕರೆದುಕೊಳ್ಳಬಹುದು. ಆ ಅಂಗಳದಲ್ಲಿ ಕಲೆಗೂ ವಿಜ್ಞಾನಕ್ಕೂ ಒಂದೇ ಜಗಲಿ. ಅಲ್ಲಿನ ಒಂದು ಸಂಜೆಯ ಸ್ವರೂಪವೇನು, ಅದರ ಹಿಂದಿರುವ ಮನಸ್ಸು ಯಾವುದು ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ವಸ್ತುಸಂಗ್ರಹಾಲಯ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಗಾಜಿನ ಪೆಟ್ಟಿಗೆ, ಅದರೊಳಗೆ ಮುರಿದ ಮಡಕೆ ಅಥವಾ ತುಕ್ಕು ಹಿಡಿದ ಕತ್ತಿ, ಪಕ್ಕದಲ್ಲಿ ‘ಮುಟ್ಟಬಾರದು’ ಎಂಬ ಫಲಕ. ಆ ನಿಷೇಧಕ್ಕೆ ಕಾರಣವುಂಟು. ಕಳೆದುಹೋದ ಕಾಲದ ಸಾಕ್ಷಿಗಳು ಒಮ್ಮೆ ಒಡೆದರೆ ಮತ್ತೆ ಸಿಗುವುದಿಲ್ಲ. ಆದರೆ ನಾನು ಹೇಳುತ್ತಿರುವ ಮನೆಯಲ್ಲಿ ಕಾಪಾಡಬೇಕಾದ ಹಳೆಯ ವಸ್ತುಗಳಿಲ್ಲ. ಅಲ್ಲಿರುವುದು ಬೆಳಕು, ಗಾಳಿ, ನೀರು, ಶಬ್ದ, ಕಾಂತಶಕ್ತಿ, ಮತ್ತು ಇವನ್ನೆಲ್ಲ ಗ್ರಹಿಸುವ ನಮ್ಮದೇ ಇಂದ್ರಿಯಗಳು. ಇವು ಮುಟ್ಟಿದರೆ ಸವೆಯುವ ಪದಾರ್ಥಗಳಲ್ಲ. ಮುಟ್ಟದಿದ್ದರೆ ಅರ್ಥವಾಗದ ಪದಾರ್ಥಗಳು. ಆದ್ದರಿಂದ ಅಲ್ಲಿ ಮುಟ್ಟುವುದೇ ನಿಯಮ. ಆರುನೂರಕ್ಕೂ ಹೆಚ್ಚು ಉಪಕರಣಗಳು ಅಲ್ಲಿವೆ. ಅವನ್ನು ಮಾಡುವ ಕಮ್ಮಟವೂ ಜನರ ಕಣ್ಣಿಗೆ ಕಾಣುವಂತೆ ಅದೇ ಅಂಗಳದಲ್ಲಿ ತೆರೆದಿರುತ್ತದೆ. ಅಡುಗೆಮನೆಯ ಬಾಗಿಲು ತೆರೆದಿಟ್ಟು ಊಟ ಬಡಿಸುವ ಗೃಹಸ್ಥನ ರೀತಿ ಇದು.

ಹಗಲಿನಲ್ಲಿ ಅಲ್ಲಿ ಮಕ್ಕಳ ರಾಜ್ಯ. ಗುರುವಾರದ ಸಂಜೆ ಆರು ಗಂಟೆಗೆ ದೃಶ್ಯ ಬದಲಾಗುತ್ತದೆ. ಆರರಿಂದ ಹತ್ತರವರೆಗೆ ಹದಿನೆಂಟು ತುಂಬಿದವರಿಗೆ ಮಾತ್ರ ಪ್ರವೇಶ. ‘ಆಫ್ಟರ್ ಡಾರ್ಕ್’, ಎಂದರೆ ‘ಕತ್ತಲಾದ ಮೇಲೆ’ ಎಂಬ ಹೆಸರಿನ ಈ ಸಂಜೆಗಳು 2009ರಲ್ಲಿ ತಿಂಗಳಿಗೊಮ್ಮೆ ಎಂದು ಆರಂಭವಾಗಿ ಕ್ರಮೇಣ ಪ್ರತಿ ವಾರದ ವಾಡಿಕೆಯಾದುವು. ಕಚೇರಿಯಿಂದ ನೇರವಾಗಿ ಬಂದ ಗುಮಾಸ್ತರು, ಪ್ರೇಮಿಗಳು, ನಿವೃತ್ತರು, ಕೈಯಲ್ಲೊಂದು ಪಾನೀಯದ ಲೋಟ ಹಿಡಿದು ಅಡ್ಡಾಡುವ ಗೆಳೆಯರ ಗುಂಪುಗಳು — ಹೀಗೆ ಊರಿನ ಎಲ್ಲ ಬಗೆಯ ಪ್ರೌಢರು ಅಲ್ಲಿ ಸೇರುತ್ತಾರೆ. ವಾರಕ್ಕೊಂದು ವಿಷಯ. ಒಂದು ಮೂಲೆಯಲ್ಲಿ ವಿಜ್ಞಾನಿಯ ಉಪನ್ಯಾಸವಿದ್ದರೆ ಮತ್ತೊಂದು ಮೂಲೆಯಲ್ಲಿ ಕಲಾವಿದನ ಪ್ರದರ್ಶನ, ಇನ್ನೊಂದೆಡೆ ಸಂಗೀತ ಅಥವಾ ಚಲನಚಿತ್ರ. ಇವುಗಳ ನಡುವೆ ಆ ಆರುನೂರು ಉಪಕರಣಗಳೂ ಕೈಗೆ ಎಟಕುವಂತೆ ಇದ್ದೇ ಇರುತ್ತವೆ. ಆದರೆ ಬೆಳೆದವರಿಗೇಕೆ ಈ ಆಟ ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ ಎರಡು ಮೂರು ಉಪಕರಣಗಳ ಮುಂದೆ ನಿಂತು ನೋಡೋಣ.

ಒಂದು ಬಿಳಿಯ ಗೋಡೆ. ಅದರ ಎದುರಿಗೆ ಕೊಂಚ ಅಂತರದಲ್ಲಿ ಮೂರು ದೀಪಗಳು: ಕೆಂಪು, ಹಸಿರು, ನೀಲಿ. ಮೂರೂ ಒಟ್ಟಿಗೆ ಬಿದ್ದ ಕಡೆ ಗೋಡೆ ಬಿಳಿಯಾಗಿಯೇ ಕಾಣುತ್ತದೆ. ನಡುವೆ ನೀವು ಬಂದು ನಿಂತಿರೋ, ಗೋಡೆಯ ಮೇಲೆ ನಿಮ್ಮ ನೆರಳು ಒಂದಲ್ಲ, ಮೂರು ಮೂಡುತ್ತದೆ. ಒಂದೂ ಕಪ್ಪಲ್ಲ! ಒಂದು ಹಳದಿ, ಒಂದು ತಿಳಿ ಹಸಿರುನೀಲಿ, ಒಂದು ಗುಲಾಬಿ ಬೆರೆತ ನೇರಳೆ. ಇದರ ಗುಟ್ಟು ಸರಳ. ನಿಮ್ಮ ದೇಹ ನೀಲಿ ದೀಪವನ್ನು ಮರೆಮಾಡಿದ ಕಡೆ ಗೋಡೆಗೆ ಬೀಳುವುದು ಕೆಂಪು ಮತ್ತು ಹಸಿರು ಬೆಳಕು ಮಾತ್ರ. ಅವೆರಡೂ ಕೂಡಿದರೆ ಕಣ್ಣಿಗೆ ಹಳದಿ. ಕೆಂಪನ್ನು ಮರೆಮಾಡಿದರೆ ಹಸಿರುನೀಲಿ. ಹಸಿರನ್ನು ಮರೆಮಾಡಿದರೆ ನೇರಳೆಗೆಂಪು. ಎರಡು ನೆರಳುಗಳು ಒಂದರ ಮೇಲೊಂದು ಬಿದ್ದಲ್ಲಿ ಉಳಿದ ಒಂದೇ ದೀಪದ ಅಪ್ಪಟ ಬಣ್ಣ. ಮೂರೂ ಕೂಡಿದಲ್ಲಿ ಮಾತ್ರ ನಾವು ನೆರಳೆಂದು ನಂಬಿಕೊಂಡು ಬಂದ ಕಪ್ಪು. ಇಲ್ಲಿ ಚಿತ್ರ ಬರೆಯುವವನೊಬ್ಬ ತಡೆದು ನಿಲ್ಲುತ್ತಾನೆ. ಕೆಂಪು ಬಣ್ಣಕ್ಕೆ ಹಸಿರನ್ನು ಬೆರೆಸಿದರೆ ಕೆಸರಿನಂಥ ಕಂದು ಬರುತ್ತದೆಯೇ ಹೊರತು ಹಳದಿಯಲ್ಲ ಎಂಬುದು ಅವನ ಕೈಯ ಅನುಭವ. ಆ ಅನುಭವವೂ ಸುಳ್ಳಲ್ಲ. ಬಣ್ಣದ ಪುಡಿ ಬೆಳಕನ್ನು ನುಂಗಿ ಕಳೆಯುತ್ತದೆ. ದೀಪ ಬೆಳಕನ್ನು ಕೂಡಿಸುತ್ತದೆ. ಕಳೆಯುವ ಲೆಕ್ಕ ಬೇರೆ, ಕೂಡುವ ಲೆಕ್ಕ ಬೇರೆ. ಈ ಭೇದವನ್ನು ಪುಸ್ತಕದಲ್ಲಿ ಓದಿದವನಿಗಿಂತ ತನ್ನ ಕೈಬೆರಳಿನ ಹಳದಿ ನೆರಳನ್ನು ತಾನೇ ಆಡಿಸಿ ನೋಡಿದವನಿಗೆ ಅದು ಹೆಚ್ಚು ಕಾಲ ನೆನಪಿನಲ್ಲಿ ಉಳಿಯುತ್ತದೆ.

ಇನ್ನೊಂದು ಉಪಕರಣದಲ್ಲಿ ಒಂದು ಗಾಜಿನ ಆಚೆ ಈಚೆ ಇಬ್ಬರು ಎದುರುಬದುರಾಗಿ ಕುಳಿತುಕೊಳ್ಳಬೇಕು. ಆ ಗಾಜು ಬಿದ್ದ ಬೆಳಕಿನಲ್ಲಿ ಒಂದು ಪಾಲನ್ನು ಹಿಂದಿರುಗಿಸುತ್ತದೆ, ಒಂದು ಪಾಲನ್ನು ಒಳಗೆ ಬಿಡುತ್ತದೆ. ಅರ್ಧ ಕನ್ನಡಿ, ಅರ್ಧ ಕಿಟಕಿ. ಇಬ್ಬರ ಮುಖದ ಮೇಲೂ ಬೇರೆ ಬೇರೆ ದೀಪ. ಅದನ್ನು ಏರಿಸಿ ಇಳಿಸಲು ಒಂದು ತಿರುಗಣಿ. ನಿಮ್ಮ ದೀಪವನ್ನು ಏರಿಸಿದರೆ ನಿಮಗೆ ನಿಮ್ಮ ಮುಖ ಕಾಣುತ್ತದೆ. ಅದನ್ನು ಇಳಿಸಿ ಅತ್ತಲವರು ಏರಿಸಿದರೆ ಅವರ ಮುಖ ಕಾಣುತ್ತದೆ. ಎರಡೂ ಸಮನಾದ ಒಂದು ಹಂತದಲ್ಲಿ ಎರಡು ಮುಖಗಳೂ ಕಲೆತು, ನೀವೂ ಅಲ್ಲದ ಅವರೂ ಅಲ್ಲದ ಮೂರನೆಯ ಮುಖವೊಂದು ಗಾಜಿನಲ್ಲಿ ತೇಲುತ್ತದೆ. ನಿಮ್ಮ ಹಣೆ, ಅವರ ಕಣ್ಣು. ನಿಮ್ಮ ನಗೆ, ಅವರ ಗದ್ದ. ಬಾಬ್ ಮಿಲ್ಲರ್ ಎಂಬ ಕಲಾವಿದ ರಚಿಸಿದ ಈ ಕೃತಿಯ ಹೆಸರಿನ ತಾತ್ಪರ್ಯ ‘ಎಲ್ಲರೂ ನೀನೇ, ನಾನೇ’ ಎಂದು. ಇದು ದ್ಯುತಿವಿಜ್ಞಾನದ ಪಾಠವೋ, ಅದ್ವೈತದ ಉಪಮಾನವೋ? ಹಗಲಿನ ಮಕ್ಕಳು ಇದರ ಮುಂದೆ ಕಿಲಕಿಲನೆ ನಗುತ್ತಾರೆ. ಸಂಜೆ ಬಂದ ಗಂಡಹೆಂಡಿರೋ, ತಾಯಿಮಗಳೋ ಹಾಗೆ ಕುಳಿತಾಗ ಮೊದಲು ಬರುವುದು ನಗೆಯೇ ಆದರೂ ಅದರ ಹಿಂದೆ ಒಂದು ಮೌನ ಬರಲು ಸಾಧ್ಯವಿದೆ. ಬೆಳೆದವರಿಗೆ ಈ ಆಟ ಏಕೆ ಬೇಕು ಎಂಬುದಕ್ಕೆ ಒಂದು ಉತ್ತರ ಆ ಮೌನದಲ್ಲಿದೆ.

ಮೂರನೆಯದು ನಾದದ ಆಟ; ಇಂಥ ಮನೆಗಳಲ್ಲೆಲ್ಲ ಇದಕ್ಕೊಂದು ಸ್ಥಾನವಿರುತ್ತದೆ. ಒಂದು ಲೋಹದ ತಗಡಿನ ಮೇಲೆ ನವಿರಾದ ಮರಳನ್ನು ಉದುರಿಸಿ ತಗಡನ್ನು ನಾದಕ್ಕೆ ನಡುಗಿಸಿದರೆ, ನಡುಗುವ ಜಾಗಗಳಿಂದ ಮರಳು ಓಡಿಹೋಗಿ ನಡುಗದ ಗೆರೆಗಳಲ್ಲಿ ನೆಲೆ ನಿಲ್ಲುತ್ತದೆ. ಸ್ವರ ಬದಲಾದರೆ ಚಿತ್ರ ಬದಲಾಗುತ್ತದೆ. ಕೈಯಿಲ್ಲದೆ ಬಿದ್ದ ರಂಗವಲ್ಲಿ! ಜರ್ಮನಿಯ ಖ್ಲಾಡ್ನಿ ಎಂಬಾತ 1787ರಲ್ಲಿ ಈ ಚಿತ್ರಗಳನ್ನು ಪ್ರಕಟಿಸಿದ. ನಮಗೆ ಈ ಆಟ ಹೊರಗಿನದಲ್ಲ. ಸರ್ ಸಿ. ವಿ. ರಾಮನ್ ಅವರು ನಮ್ಮ ಮೃದಂಗ ತಬಲಗಳ ಮೇಲೆ ಇದೇ ಬಗೆಯ ಮರಳಿನ ಪರೀಕ್ಷೆ ನಡೆಸಿದ್ದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಅವರು ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾದುದು. ಬರಿಯ ಚರ್ಮವನ್ನು ಬಿಗಿದ ಸಾಮಾನ್ಯ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ; ಅದು ಸದ್ದು ಮಾಡುತ್ತದೆ, ಶ್ರುತಿ ಹಿಡಿಯುವುದಿಲ್ಲ. ಮೃದಂಗದ ಬಲಮುಖದ ನಡುವೆ ಹಚ್ಚುವ ಕಪ್ಪು ಕರಣೆಯ ಭಾರ ಆ ಉಪಸ್ವರಗಳನ್ನು ತಿದ್ದಿ, ತಂತಿವಾದ್ಯದಲ್ಲಿರುವಂತೆ ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪೂರ್ಣಾಂಕಗಳ ಸಾಲಿಗೆ ತರುತ್ತದೆ ಎಂದು ಅವರು ತೋರಿಸಿದರು. ಆ ಕರಣೆಯನ್ನು ಕಂಡುಹಿಡಿದವನು ಪ್ರಯೋಗಶಾಲೆಯ ವಿಜ್ಞಾನಿಯಲ್ಲ. ಹೆಸರು ಉಳಿಯದ ಕುಶಲಕರ್ಮಿ. ಹಚ್ಚಿ ನೋಡಿ, ನುಡಿಸಿ ನೋಡಿ, ಕೆರೆದು ತೆಗೆದು ಮತ್ತೆ ಹಚ್ಚಿ, ಕಿವಿಯ ಸಾಕ್ಷಿಯೊಂದನ್ನೇ ನಂಬಿ ಅವನು ಅದನ್ನು ಸಾಧಿಸಿದ. ಅವನನ್ನು ಕಲಾವಿದನೆನ್ನುವುದೋ, ವಿಜ್ಞಾನಿಯೆನ್ನುವುದೋ? ಈ ಪ್ರಶ್ನೆ ಏಳುವ ಜಾಗವೇ ಆ ಸಂಜೆಯ ಜಾಗ.

ಇಂಥ ಮನೆಯನ್ನು ಕಟ್ಟಿದವನ ಹೆಸರು ಫ್ರಾಂಕ್ ಓಪನ್‌ಹೈಮರ್. ಓಪನ್‌ಹೈಮರ್ ಎಂಬ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಅಣ್ಣ ರಾಬರ್ಟ್. ಅಣುಬಾಂಬಿನ ನಿರ್ಮಾಣವನ್ನು ನಡೆಸಿದವನು. ಫ್ರಾಂಕ್ ಅವನಿಗಿಂತ ಎಂಟು ವರ್ಷ ಚಿಕ್ಕವನು, 1912ರಲ್ಲಿ ಹುಟ್ಟಿದವನು, ತಾನೂ ಭೌತವಿಜ್ಞಾನಿ. ಯುದ್ಧಕಾಲದಲ್ಲಿ ಯುರೇನಿಯಮ್ಮನ್ನು ಬೇರ್ಪಡಿಸುವ ಕಾರ್ಯದಲ್ಲಿ ಅವನೂ ದುಡಿದ. 1945ರ ಜುಲೈ 16ರ ಮುಂಜಾನೆ ನ್ಯೂಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಬಾಂಬು ಸಿಡಿದಾಗ ಅಣ್ಣನ ಜೊತೆಯಲ್ಲಿ ಅವನೂ ಅಲ್ಲಿದ್ದ. ಯುದ್ಧ ಮುಗಿದ ಮೇಲೆ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ವಿಶ್ವಕಿರಣಗಳನ್ನು ಕುರಿತ ಸಂಶೋಧನೆಗೆ ತೊಡಗಿದ. ಆದರೆ ಅದು ಅಮೆರಿಕದಲ್ಲಿ ಸಂಶಯದ ಯುಗ. ತರುಣನಾಗಿದ್ದಾಗ, 1930ರ ದಶಕದಲ್ಲಿ, ಅವನೂ ಅವನ ಹೆಂಡತಿ ಜಾಕಿಯೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು. 1949ರಲ್ಲಿ ಶಾಸನಸಭೆಯ ವಿಚಾರಣಾ ಸಮಿತಿಯ ಮುಂದೆ ಅದನ್ನು ಒಪ್ಪಿಕೊಂಡ. ಉಳಿದ ಗೆಳೆಯರ ಹೆಸರು ಹೇಳಲು ಮಾತ್ರ ನಿರಾಕರಿಸಿದ. ಕೆಲಸ ಹೋಯಿತು. ಬೇರೆ ಯಾವ ವಿಶ್ವವಿದ್ಯಾಲಯವೂ ಅವನಿಗೆ ಬಾಗಿಲು ತೆರೆಯಲಿಲ್ಲ.

ತಂದೆಯಿಂದ ಬಂದಿದ್ದ ವಾನ್ ಗೋನ ಒಂದು ಚಿತ್ರವನ್ನು ಮಾರಿ, ಕೊಲರಾಡೋದ ಬೆಟ್ಟಸೀಮೆಯಲ್ಲಿ ಹುಲ್ಲುಗಾವಲು ಕೊಂಡು, ಫ್ರಾಂಕ್ ದನ ಸಾಕುವ ಕಸುಬಿಗೆ ಇಳಿದ. ವಿಶ್ವಕಿರಣಗಳನ್ನು ಅಳೆಯುತ್ತಿದ್ದವನು ಕರು ಹಾಕಿಸುವುದನ್ನೂ ಬೇಲಿ ಕಟ್ಟುವುದನ್ನೂ ಕಲಿತ. ಸುಮಾರು ಎಂಟು ವರ್ಷದ ಮೇಲೆ, 1957ರಲ್ಲಿ, ಪಗೋಸಾ ಸ್ಪ್ರಿಂಗ್ಸ್ ಎಂಬ ಹತ್ತಿರದ ಪುಟ್ಟ ಊರಿನ ಪ್ರೌಢಶಾಲೆಯಲ್ಲಿ ಪಾಠ ಹೇಳಲು ಅವಕಾಶ ದೊರೆಯಿತು. ಅವನು ಹುಡುಗರನ್ನು ಊರಾಚೆಯ ಗುಜರಿಯ ರಾಶಿಗೆ ಕರೆದೊಯ್ದು, ಹಳೆಯ ಮೋಟಾರುಗಳ ಬಿಡಿಭಾಗಗಳಿಂದಲೇ ಯಂತ್ರಶಾಸ್ತ್ರವನ್ನೂ ಶಾಖ ವಿದ್ಯುತ್ತುಗಳ ತತ್ತ್ವವನ್ನೂ ಕಲಿಸಿದ. ಮುಂದೆ 1959ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯ ಅವನನ್ನು ಮರಳಿ ಕರೆಯಿತು. ಅಲ್ಲಿ ಅವನು ಕಟ್ಟಿದ್ದು ‘ಪ್ರಯೋಗಗಳ ಗ್ರಂಥಾಲಯ’: ಕಪಾಟಿನಿಂದ ಪುಸ್ತಕ ತೆಗೆದುಕೊಂಡಂತೆ ವಿದ್ಯಾರ್ಥಿ ತನಗೆ ಬೇಕಾದ ಪ್ರಯೋಗವನ್ನು ತಾನೇ ಆರಿಸಿಕೊಂಡು, ತನ್ನ ವೇಗದಲ್ಲಿ ಮಾಡಿ ನೋಡುವ ವ್ಯವಸ್ಥೆ. 1965ರಲ್ಲಿ ಯುರೋಪಿಗೆ ಹೋದಾಗ ಲಂಡನ್, ಪ್ಯಾರಿಸ್, ಮ್ಯೂನಿಕ್ ನಗರಗಳ ವಿಜ್ಞಾನ ಸಂಗ್ರಹಾಲಯಗಳನ್ನು ಕಂಡ. ತನ್ನ ನಾಡಿಗೂ ಇಂಥದೊಂದು ಬೇಕು, ಆದರೆ ಬೇರೆ ಬಗೆಯದು ಬೇಕು ಎಂದುಕೊಂಡು ಹಿಂದಿರುಗಿದ.

ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅವನಿಗೆ ದೊರೆತ ಕಟ್ಟಡ ‘ಲಲಿತಕಲೆಗಳ ಅರಮನೆ’. 1915ರ ಜಾಗತಿಕ ವಸ್ತುಪ್ರದರ್ಶನಕ್ಕಾಗಿ ಬರ್ನಾರ್ಡ್ ಮೇಬೆಕ್ ಎಂಬ ವಾಸ್ತುಶಿಲ್ಪಿ ತಾತ್ಕಾಲಿಕವಾಗಿ ಕಟ್ಟಿ, ಜನ ಕೆಡವಗೊಡದೆ ಉಳಿಸಿಕೊಂಡಿದ್ದ ಸೌಧ ಅದು. 1960ರ ದಶಕದಲ್ಲಿ ಅದನ್ನು ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದ್ದರು. ಅದರ ಹಿಂದಿನ ವಿಶಾಲವಾದ ಖಾಲಿ ಹಜಾರದಲ್ಲಿ, 1969ರ ಶರತ್ಕಾಲದಲ್ಲಿ, ದೊಡ್ಡ ಸಮಾರಂಭವೇನೂ ಇಲ್ಲದೆ ಬಾಗಿಲು ತೆರೆಯಿತು. ಅಲ್ಲಿಂದ 1985ರಲ್ಲಿ ತೀರಿಕೊಳ್ಳುವವರೆಗೂ ಫ್ರಾಂಕ್ ಅದರ ನಿರ್ದೇಶಕನಾಗಿದ್ದ. ಅವನ ಕಾಲಾನಂತರ, 2013ರಲ್ಲಿ, ಆ ಸಂಸ್ಥೆ ಅದೇ ನಗರದ ಕಡಲಂಚಿನ ಹದಿನೈದನೆಯ ಹಡಗುಕಟ್ಟೆಗೆ ತನ್ನ ಬಿಡಾರವನ್ನು ಬದಲಾಯಿಸಿತು. ಗುರುವಾರದ ಸಂಜೆಗಳು ಈಗ ನಡೆಯುವುದು ಅಲ್ಲಿ.

ಈ ಜೀವನಕಥೆಯನ್ನು ನಾನು ಹೇಳಿದ್ದು ಅದು ರೋಚಕವಾಗಿದೆಯೆಂದಲ್ಲ. ಆ ಮನೆಯ ಮರ್ಮ ಅದರಲ್ಲಿದೆ. ತನ್ನ ಯುಗದ ಅತ್ಯಂತ ಘೋರವಾದ ಯಂತ್ರ ಬೇಲಿಯೊಳಗೆ, ಗುಟ್ಟಿನಲ್ಲಿ, ಕೆಲವೇ ಜನರ ತಿಳಿವಳಿಕೆಯಲ್ಲಿ ಸಿದ್ಧವಾದುದನ್ನು ಫ್ರಾಂಕ್ ಒಳಗಿನಿಂದ ಕಂಡಿದ್ದ. ಅದಾದ ನಾಲ್ಕೇ ವರ್ಷಕ್ಕೆ, ಕಣ್ಣಾರೆ ಕಾಣದ್ದನ್ನು ಕಿವಿಮಾತಿನಿಂದ ನಂಬುವ ಸಮಾಜ ಒಬ್ಬ ಮನುಷ್ಯನಿಗೆ ಏನು ಮಾಡಬಲ್ಲುದೆಂಬುದನ್ನು ತನ್ನ ಮೈಮೇಲೆಯೇ ಅನುಭವಿಸಿದ್ದ. ತನ್ನ ಸುತ್ತಲಿನ ಜಗತ್ತನ್ನು ತಾನು ಅರಿಯಬಲ್ಲೆ, ಅಥವಾ ಮನಸ್ಸು ಮಾಡಿದರೆ ಅರಿಯಬಹುದು ಎಂಬ ನಂಬಿಕೆಯಾದರೂ ಇದ್ದಾಗ ಮಾತ್ರ ಮನುಷ್ಯನಿಗೆ ತನ್ನ ತೀರ್ಮಾನಕ್ಕೊಂದು ಬೆಲೆಯಿದೆ ಎನಿಸುತ್ತದೆ ಎಂಬುದು ಅವನ ನಿಲುವು. ಅರಿಯುವ ಆಸೆಯನ್ನೇ ಬಿಟ್ಟವನು ಬೆಳಕು ನಾದಗಳ ವಿಷಯದಲ್ಲಿ ಮಾತ್ರ ಅದನ್ನು ಬಿಡುವುದಿಲ್ಲ. ಬೆಲೆ, ಯುದ್ಧ, ಕಾನೂನು, ಕಾಯಿಲೆ ಎಲ್ಲದರಲ್ಲೂ ‘ಬಲ್ಲವರು ನೋಡಿಕೊಳ್ಳಲಿ’ ಎಂದು ಸುಮ್ಮನಾಗುತ್ತಾನೆ. ಆಮೇಲೆ ಬಲ್ಲವರೆನ್ನಿಸಿಕೊಂಡವರು ಹೇಳಿದ್ದೇ ಶಾಸನ. ಬೆಳೆದವರಿಗೇಕೆ ಈ ಆಟ ಎಂಬ ಪ್ರಶ್ನೆಗೆ ಮುಖ್ಯವಾದ ಉತ್ತರ ಇದೇ. ಮಕ್ಕಳು ಇನ್ನೂ ಆ ಹಕ್ಕನ್ನು ಕಳೆದುಕೊಂಡಿಲ್ಲ, ಕಳೆದುಕೊಂಡವರು ನಾವು. ಮತ ಹಾಕುವವರೂ ನಾವೇ.

ಇಷ್ಟಾದರೆ ಅದೊಂದು ವಿಜ್ಞಾನದ ಮನೆಯಾಯಿತು. ಕಲೆಗೆ ಅಲ್ಲೇನು ಕೆಲಸ? ಆರಂಭದಿಂದಲೂ ಫ್ರಾಂಕ್ ಕಲಾವಿದರನ್ನು ಒಳಕ್ಕೆ ಕರೆದ. ಬಾಗಿಲು ತೆರೆದ ವರ್ಷವೇ ಅಲ್ಲಿ ನಡೆದ ದೊಡ್ಡ ಪ್ರದರ್ಶನ, ಗಣಕಯಂತ್ರಗಳಿಗೂ ಕಲೆಗೂ ಇರುವ ನಂಟನ್ನು ಕುರಿತು ಲಂಡನ್ನಿನಲ್ಲಿ 1968ರಲ್ಲಿ ಏರ್ಪಟ್ಟಿದ್ದ ‘ಸೈಬರ್ನೆಟಿಕ್ ಸೆರೆಂಡಿಪಿಟಿ’. 1974ರಿಂದ ಕಲಾವಿದರು ಅಲ್ಲಿಯೇ ಕೆಲವು ಕಾಲ ನೆಲೆಸಿ ಕೃತಿ ರಚಿಸುವ ಏರ್ಪಾಡು ಆಯಿತು. ವಿಜ್ಞಾನದ ಕಹಿಗುಳಿಗೆಗೆ ಕಲೆಯ ಜೇನು ಸವರುವುದು ಅವನ ಉದ್ದೇಶವಾಗಿರಲಿಲ್ಲ. ಜಗತ್ತನ್ನು ಗಮನಿಸುವುದರಲ್ಲಿ ಕಲಾವಿದನೂ ವಿಜ್ಞಾನಿಯಷ್ಟೇ ಪಳಗಿದವನು, ಅವನಿಗೆ ಕಾಣುವುದು ಇವನಿಗೆ ತಪ್ಪಿಹೋಗಬಹುದು, ಆದ್ದರಿಂದ ಇಬ್ಬರ ಸಾಕ್ಷ್ಯವೂ ಬೇಕು ಎಂಬುದು ಅವನ ವಾದ.

ಬಾಬ್ ಮಿಲ್ಲರನ ‘ಸೂರ್ಯಚಿತ್ರ’ ಎಂಬ ಕೃತಿ ಇದಕ್ಕೆ ನಿದರ್ಶನ. ಸೂರ್ಯನನ್ನು ಹಿಂಬಾಲಿಸುವ ಕನ್ನಡಿಯೊಂದು ಬಿಸಿಲಿನ ಕೋಲನ್ನು ಕಟ್ಟಡದೊಳಕ್ಕೆ ತರುತ್ತಿತ್ತು. ಗಾಜಿನ ಪಟ್ಟಕಗಳು ಅದನ್ನು ಬಣ್ಣಬಣ್ಣವಾಗಿ ಸೀಳಿದರೆ, ಕನ್ನಡಿಗಳ ಸಾಲು ಆ ಬಣ್ಣಗಳನ್ನು ಆರಿಸಿ ತೆರೆಯ ಮೇಲೆ ಚೆಲ್ಲುತ್ತಿತ್ತು. ನ್ಯೂಟನ್ ಕಂಡ ಕಾಮನಬಿಲ್ಲು ಅದೇ. ಆದರೆ ಇಲ್ಲಿ ಅದು ಪಾಠವಾಗಿ ನಿಲ್ಲದೆ ಚಿತ್ರವಾಗಿ ಹರಡಿಕೊಂಡಿತು. ಆಗಸ್ಟ್ ಕೊಪ್ಪೊಲ 1971ರಲ್ಲಿ ರೂಪಿಸಿದ ‘ಸ್ಪರ್ಶಗುಮ್ಮಟ’ ಇನ್ನೊಂದು. ಕಗ್ಗತ್ತಲೆಯ ಸುರಂಗಗಳಲ್ಲಿ ತೆವಳುತ್ತ, ಜಾರುತ್ತ, ಕೈ ಮೈಗಳಿಂದಲೇ ದಾರಿಯನ್ನು ‘ನೋಡಿಕೊಂಡು’ ಹೋಗಬೇಕು. ಪೀಟರ್ ರಿಚರ್ಡ್ಸ್ ಮತ್ತು ಜಾರ್ಜ್ ಗೊನ್ಜಾಲೆಸ್ ಎಂಬಿಬ್ಬರು 1986ರಲ್ಲಿ ಕೊಲ್ಲಿಯ ಅಂಚಿನಲ್ಲಿ ರಚಿಸಿದ ‘ಅಲೆವಾದ್ಯ’ ಮೂರನೆಯದು. ಕೊಳವೆಗಳ ಒಂದು ತುದಿ ನೀರಿನೊಳಗೆ, ಮತ್ತೊಂದು ತುದಿ ಕಿವಿಯ ಬಳಿ. ಅಲೆ ಏರಿಳಿದಂತೆ ಕೊಳವೆಯೊಳಗಿನ ಗಾಳಿ ಗೊಣಗುತ್ತದೆ, ನಿಟ್ಟುಸಿರಿಡುತ್ತದೆ. ಉಬ್ಬರದ ಹೊತ್ತಿನಲ್ಲಿ ದನಿ ಜೋರು. ಕೂರಲು ಹಾಸಿರುವ ಕಲ್ಲುಗಳು ಕೆಡವಿದ ಹಳೆಯ ಸ್ಮಶಾನವೊಂದರವು. ಆಗಿಹೋದವರ ನೆನಪಿನ ಕಲ್ಲಿನ ಮೇಲೆ ಕುಳಿತು ಕಡಲಿನ ಉಸಿರನ್ನು ಆಲಿಸುವ ಈ ಏರ್ಪಾಡಿನಲ್ಲಿ ಶಬ್ದಶಾಸ್ತ್ರ ಎಲ್ಲಿ ಮುಗಿಯಿತು, ಕಾವ್ಯ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯುವುದು ಕಷ್ಟ.

ಈ ಎರಡರ ನಂಟನ್ನು ಇನ್ನೂ ಹತ್ತಿರದಿಂದ ಕಾಣಬೇಕಾದರೆ ಹೊಸ ಕಟ್ಟಡದ ಬಳಿಯ ಸೇತುವೆಗೆ ಬರಬೇಕು. 2013ರಲ್ಲಿ ಜಪಾನಿನ ಕಲಾವಿದೆ ಫುಜಿಕೊ ನಕಾಯಾ ಅಲ್ಲೊಂದು ಮಂಜಿನ ಶಿಲ್ಪವನ್ನು ನಿಲ್ಲಿಸಿದಳು. ನಿಲ್ಲಿಸಿದಳು ಎನ್ನುವುದು ಮಾತಿಗೆ. ಮಂಜು ನಿಲ್ಲುವ ವಸ್ತುವಲ್ಲ. ಸೇತುವೆಯ ಉದ್ದಕ್ಕೂ ಅಳವಡಿಸಿದ ಕೂದಲೆಳೆಯಂಥ ರಂಧ್ರಗಳಿಂದ ಹೆಚ್ಚಿನ ಒತ್ತಡದಲ್ಲಿ ಹೊಮ್ಮುವ ಶುದ್ಧ ನೀರು ಹನಿಹನಿಯಾಗಿ ಒಡೆದು ಮೋಡವಾಗುತ್ತದೆ. ಆಮೇಲಿನ ಆಕಾರ ಗಾಳಿಯದು. ಕಲಾವಿದೆ ಅದನ್ನು ಆಳುವುದಿಲ್ಲ, ಅಳೆದು ಅವಕಾಶ ಮಾಡಿಕೊಡುತ್ತಾಳೆ. ಇಂಥ ಮಂಜನ್ನು ಅವಳು ಮೊದಲು ಎಬ್ಬಿಸಿದ್ದು 1970ರ ಒಸಾಕಾ ವಸ್ತುಪ್ರದರ್ಶನದಲ್ಲಿ. ಅವಳ ತಂದೆ ಉಕಿಚಿರೊ ನಕಾಯಾ ಭೌತವಿಜ್ಞಾನಿ. ಹೊಕ್ಕೈಡೊ ದ್ವೀಪದ ಚಳಿಯಲ್ಲಿ ಹಿಮದ ಹರಳುಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, 1936ರಲ್ಲಿ ಮೊಲದ ಒಂದು ಕೂದಲಿನ ತುದಿಯಲ್ಲಿ ಮೊತ್ತಮೊದಲ ಕೃತಕ ಹಿಮಹರಳನ್ನು ಬೆಳೆಸಿದವನು ಆತ. ಹರಳಿನ ಆಕಾರವನ್ನು ಕಂಡು ಅದು ಬೆಳೆದು ಬಂದ ಮೇಲಿನ ಆಕಾಶದ ಉಷ್ಣತೆಯನ್ನೂ ತೇವವನ್ನೂ ಹೇಳಬಹುದೆಂದು ತೋರಿಸಿ, ಹಿಮವನ್ನು ಆಕಾಶ ಬರೆದ ಓಲೆಗೆ ಹೋಲಿಸಿದ. ತಂದೆ ನೀರಿನ ಹನಿ ಹೆಪ್ಪುಗಟ್ಟಿದ್ದನ್ನು ಓದಿದ, ಮಗಳು ಅದು ಹರಡಿದ್ದನ್ನು ಬರೆದಳು. ತಂದೆಯ ಕೆಲಸಕ್ಕೆ ಉಪಮೆ ಬೇಕಾಯಿತು. ಮಗಳ ಕೆಲಸಕ್ಕೆ ಒತ್ತಡದ ಲೆಕ್ಕ ಬೇಕಾಯಿತು.

ಇದಕ್ಕೆ ಆಕ್ಷೇಪಗಳಿಲ್ಲವೆ? ಇವೆ, ಮತ್ತು ಅವು ಹಗುರವಾದುವಲ್ಲ. ವಿಜ್ಞಾನವೆಂದರೆ ಗಣಿತ, ಏಕಾಂತ, ವರ್ಷಗಟ್ಟಲೆಯ ಬೇಸರದ ದುಡಿಮೆ. ಒಂದು ಸಂಜೆಯ ಬೆರಗನ್ನು ಅದರ ಜಾಗದಲ್ಲಿ ಕೂರಿಸುವುದು ಮೋಸ ಎನ್ನುವವರಿದ್ದಾರೆ. ಕಲೆಯ ಕಡೆಯವರದೂ ಒಂದು ದೂರು: ಗದ್ದಲದ ಹಜಾರದಲ್ಲಿ, ಲೋಟ ಹಿಡಿದು ನಡೆಯುತ್ತ ಕಾಣುವ ಕಲೆ ಮನಸ್ಸಿಗೆ ಇಳಿಯುತ್ತದೆಯೆ? ಗುಂಡಿ ಒತ್ತಿದರೆ ದೀಪ ಹತ್ತುವ ಉಪಕರಣದ ಮುಂದೆ ಒತ್ತಿ ಓಡುವ ಜನರನ್ನು ಕಂಡರೆ ಈ ಅನುಮಾನ ಬಲಿಯುತ್ತದೆ. ಇದಲ್ಲದೆ ಪ್ರವೇಶಕ್ಕೆ ಹಣ ಕೊಡಬೇಕು. ಎಲ್ಲರ ಹಕ್ಕೆಂದು ಹೇಳಿದ್ದು ಕೊಳ್ಳಬಲ್ಲವರ ಸಂಜೆಯಾಗಿ ಉಳಿಯುವ ಅಪಾಯವೂ ಇದೆ.

ಈ ಮಾತುಗಳಲ್ಲಿ ಸತ್ಯವಿದೆ. ಬೆರಗು ವಿದ್ಯೆಯಲ್ಲ, ನಿಜ. ಆದರೆ ಬೆರಗಿಲ್ಲದೆ ವಿದ್ಯೆಯ ಬಾಗಿಲಿಗೆ ಯಾರೂ ಬರಲಾರರು. ಅಲ್ಲಿನ ಒಳ್ಳೆಯ ಉಪಕರಣಗಳು ಗುಂಡಿ ಒತ್ತಿಸುವ ಜಾತಿಯವಲ್ಲ. ಬಣ್ಣದ ನೆರಳಿಗೆ ಒತ್ತಬೇಕಾದ ಗುಂಡಿಯೇ ಇಲ್ಲ; ನೀವು ಸರಿದಂತೆ ಅದು ಸರಿಯುತ್ತದೆ, ನೀವು ಕೇಳಿದ ಪ್ರಶ್ನೆಗೆ ತಕ್ಕ ಉತ್ತರ ಕೊಡುತ್ತದೆ. ಉಪಕರಣದ ಬಳಿ ನೆರವಿಗೆ ಓಡಾಡುವವರಲ್ಲಿ ಪ್ರೌಢಶಾಲೆಯ ಹುಡುಗ ಹುಡುಗಿಯರೂ ಇರುತ್ತಾರೆ. ಕಿತ್ತಳೆ ಬಣ್ಣದ ಮೇಲಂಗಿ ತೊಟ್ಟ ಅವರನ್ನು ಸಂಸ್ಥೆ ಸಂಬಳ ಕೊಟ್ಟು ನೇಮಿಸಿಕೊಳ್ಳುತ್ತದೆ. ಪಂಡಿತರನ್ನು ಬಿಟ್ಟು ಇವರನ್ನು ಇರಿಸಿದ್ದರಲ್ಲಿ ಜಾಣತನವಿದೆ. ತನಗಿಂತ ಚಿಕ್ಕವನೊಬ್ಬ ಹಸುವಿನ ಕಣ್ಣನ್ನು ಬಿಡಿಸಿ ಅದರ ಮಸೂರವನ್ನು ತೋರಿಸುತ್ತಿರುವಾಗ ಪ್ರಶ್ನೆ ಕೇಳಲು ಯಾರಿಗೂ ನಾಚಿಕೆಯಾಗುವುದಿಲ್ಲ. ಸಂಗ್ರಹಾಲಯದಲ್ಲಿ ಯಾರೂ ಅನುತ್ತೀರ್ಣರಾಗುವುದಿಲ್ಲ ಎಂಬುದು ಫ್ರಾಂಕನ ಪ್ರಸಿದ್ಧವಾದ ಮಾತಿನ ಭಾವ. ಇನ್ನು ಹಂಚಿಕೊಳ್ಳುವ ವಿಚಾರ. 1975ರಿಂದ ಮೂರು ಸಂಪುಟಗಳಲ್ಲಿ ಆ ಸಂಸ್ಥೆ ತನ್ನ ಉಪಕರಣಗಳನ್ನು ಮಾಡುವ ವಿಧಾನವನ್ನು ಪಾಕಪುಸ್ತಕದಂತೆ ಅಚ್ಚು ಹಾಕಿಸಿ ಲೋಕಕ್ಕೆ ಕೊಟ್ಟಿತು. ಬೇಕಾದವರು ಓದಿ, ತಮ್ಮ ಊರಿನಲ್ಲೇ ಮಾಡಿಕೊಳ್ಳಬಹುದು. ಗುಟ್ಟಿನಿಂದ ನೊಂದವನು ಕಟ್ಟಿದ ಮನೆ ಗುಟ್ಟು ಇಟ್ಟುಕೊಳ್ಳಲಿಲ್ಲ.

ನಮ್ಮ ನಾಡಿನಲ್ಲೂ ಈ ಬಗೆಯ ಪ್ರಯತ್ನಗಳು ಇಲ್ಲದಿಲ್ಲ. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯವನ್ನು ಪ್ರಧಾನಿ ನೆಹರೂ ಅವರು ಉದ್ಘಾಟಿಸಿದ್ದು 1962ರಲ್ಲಿ. ಎಂದರೆ ಎಕ್ಸ್‌ಪ್ಲೊರಟೋರಿಯಮ್ ಬಾಗಿಲು ತೆರೆಯುವುದಕ್ಕೆ ಏಳು ವರ್ಷ ಮೊದಲು. ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋಗಿ, ಹಿಡಿಕೆ ತಿರುಗಿಸಿ, ಸನ್ನೆ ಒತ್ತಿ ಬಂದ ಕನ್ನಡಿಗರು ಲಕ್ಷಾಂತರ. 2024ರ ಜನವರಿಯಲ್ಲಿ ಅದೇ ನಗರದಲ್ಲಿ ಸೈನ್ಸ್ ಗ್ಯಾಲರಿ ಬೆಂಗಳೂರು ಎಂಬ ಸಂಸ್ಥೆ ತನ್ನ ಕಟ್ಟಡವನ್ನು ಜನರಿಗೆ ತೆರೆಯಿತು; ಅಲ್ಲಿ ಕಲಾವಿದರೂ ವಿಜ್ಞಾನಿಗಳೂ ಕೂಡಿ ಪ್ರದರ್ಶನ ರಚಿಸುತ್ತಾರೆ. ಸಂಸ್ಥೆಗಳು ಹುಟ್ಟುತ್ತವೆ, ಸಂತೋಷ. ಆದರೆ ಶಾಲೆಯ ಸಾಲಿನಲ್ಲಿ ಒಮ್ಮೆ ಹೋಗಿ ಬಂದವರು, ಬೆಳೆದ ಮೇಲೆ ತಾವಾಗಿಯೇ ಮತ್ತೆ ಅಂಥಲ್ಲಿಗೆ ಹೋಗುವ ವಾಡಿಕೆ ನಮ್ಮಲ್ಲಿ ಬೆಳೆದಿಲ್ಲ. ಸಂಗೀತ ಕಚೇರಿಗೆ ಹೋಗುವ ಮನೆತನಗಳಿವೆ, ನಾಟಕಕ್ಕೆ ಹೋಗುವವರಿದ್ದಾರೆ, ಯಕ್ಷಗಾನಕ್ಕೆ ರಾತ್ರಿಯೆಲ್ಲ ಕೂರುವವರಿದ್ದಾರೆ. ವಿಜ್ಞಾನ ಮಾತ್ರ ಪರೀಕ್ಷೆಯ ದಿನಕ್ಕೆ ಮುಗಿಯಿತು. ಮೃದಂಗದ ಕಚೇರಿಯ ನಂತರ ಅದೇ ವೇದಿಕೆಯಲ್ಲಿ ಅದರ ಮುಖದ ಮೇಲೆ ಮರಳು ಉದುರಿಸಿ ತೋರಿಸುವ ಒಂದು ಸಂಜೆಯನ್ನು ನಮ್ಮ ಊರಿನ ಸಂಘಗಳು ಏರ್ಪಡಿಸಬಾರದೇಕೆ? ಇದಕ್ಕೆ ಸೌಧ ಬೇಡ, ಸರ್ಕಾರದ ಆದೇಶವೂ ಬೇಡ. ಒಬ್ಬ ವಿದ್ವಾಂಸರು, ಒಬ್ಬ ಮೇಷ್ಟರು, ಒಂದು ಹಿಡಿ ಮರಳು ಸಾಕು.

ಅಷ್ಟೂ ಆಗದಿದ್ದರೆ, ನಾಳೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಸಣ್ಣ ಪ್ರಯೋಗವನ್ನು ಹೇಳಿ ಮುಗಿಸುತ್ತೇನೆ. ಇದನ್ನು ಜರ್ಮನ್ ಮಹಾಕವಿ ಗಯಟೆ 1810ರಲ್ಲಿ ಪ್ರಕಟಿಸಿದ ತನ್ನ ವರ್ಣಸಿದ್ಧಾಂತದ ಗ್ರಂಥದಲ್ಲಿ ವಿವರಿಸಿದ್ದಾನೆ. ಅವನ ಸಿದ್ಧಾಂತವನ್ನು ಭೌತವಿಜ್ಞಾನಿಗಳು ಒಪ್ಪಲಿಲ್ಲ. ಅವನ ಕಣ್ಣನ್ನು ಮಾತ್ರ ಅಲ್ಲಗಳೆಯಲಾರದಾದರು. ಸೂರ್ಯ ಮುಳುಗಿ, ಬಾನಿನಲ್ಲಿ ಇನ್ನೂ ಬೆಳಕಿರುವಾಗ, ಕಿಟಕಿಯ ಬಳಿ ಒಂದು ಬಿಳಿಯ ಹಾಳೆಯನ್ನಿಡಿ. ಅದರ ಇನ್ನೊಂದು ಬದಿಗೆ ಎಣ್ಣೆಯ ದೀಪವನ್ನೋ ಮೇಣದ ಬತ್ತಿಯನ್ನೋ ಹಚ್ಚಿ. ಎರಡು ಬೆಳಕೂ ಹೆಚ್ಚು ಕಡಿಮೆ ಸಮನಾದಾಗ ನಡುವೆ ಒಂದು ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ. ಹಾಳೆಯ ಮೇಲೆ ಎರಡು ನೆರಳು ಬೀಳುತ್ತವೆ. ಬಾನಿನ ಬೆಳಕನ್ನು ತಡೆದ ನೆರಳು ದೀಪದ ಹೊಂಬಣ್ಣಕ್ಕೆ ತಿರುಗಿರುತ್ತದೆ. ದೀಪವನ್ನು ತಡೆದ ನೆರಳು ಸ್ವಚ್ಛವಾದ ನೀಲಿ! ಆ ನೀಲಿಯಲ್ಲಿ ಒಂದು ಪಾಲು ಬಾನಿನದು, ಒಂದು ಪಾಲು ಪಕ್ಕದ ಹಳದಿಯ ಎದುರಿಗೆ ನಿಮ್ಮ ಕಣ್ಣೇ ಸೇರಿಸಿದ್ದು. ಯಾವುದು ಎಷ್ಟು? ನನ್ನ ಮಾತನ್ನು ನಂಬಬೇಡಿ. ಒಂದು ಕಾಗದವನ್ನು ಸುರುಳಿ ಸುತ್ತಿ ಕೊಳವೆ ಮಾಡಿ, ಹಳದಿ ಕಾಣದಂತೆ ನೀಲಿ ನೆರಳೊಂದನ್ನೇ ಅದರ ಮೂಲಕ ನೋಡಿ. ಆಮೇಲೆ ಮನೆಯವರನ್ನು ಕರೆದು ಅವರಿಗೇನು ಕಾಣುತ್ತದೆಂದು ಕೇಳಿ.